ಬಚ್ಚಲೊಲೆಯ ಶಾಖ ಬೇಕು, ಹೊಗೆ ಬೇಡ

ಪ್ರಶ್ನೆ: ನನ್ನ ತವರು ಚಳ್ಳಕೆರೆ. ಮದುವೆಯಾಗಿ ಸೋಮವಾರಪೇಟೆ ತಾಲ್ಲೂಕಿನ ಶಾಂತಳ್ಳಿ ಕಡೆ ಬಂದು ಎರಡು ವರ್ಷವಾಯಿತು. ಬಾಣಂತನ ಮುಗಿಸಿ ಜೂನ್ ಮೊದಲ ವಾರ ಗಂಡನ ಮನೆಗೆ ಮರಳಿದೆ. ಮಗನಿಗೆ ಈಗ ನಾಲ್ಕು ತಿಂಗಳು. ಮಳೆ ಹಿಡಿದಾಗಿನಿಂದ ಒಂದು ಬಟ್ಟೆಯೂ ಒಣಗುತ್ತಿಲ್ಲ. ಅತ್ತೆ ಮಗುವಿನ ಬಟ್ಟೆಯನ್ನೆಲ್ಲ ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗಕ್ಕೆ ಹಾಕುತ್ತಾರೆ, ಎಲ್ಲದಕ್ಕೂ ಹೊಗೆ ವಾಸನೆ. ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ. ರಾತ್ರಿ ನಾವು ಮಲಗುವ ತಾರಸಿ ಕೋಣೆಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ತಂದಿಟ್ಟು, ಚಳಿ ಎಂದು ಬಾಗಿಲು ಹಾಕಿಸುತ್ತಾರೆ. ಡ್ರೈಯರ್ ತರೋಣ ಎಂದರೆ, 'ಮೂರು ಮಕ್ಕಳನ್ನು ಇದೇ ಒಲೆ ಮೇಲಿನ ಬಟ್ಟೆಯಲ್ಲೇ ಬೆಳೆಸಿದ್ದೀನಿ' ಎನ್ನುತ್ತಾರೆ. ಬೇಸತ್ತು, ದೀಪಾವಳಿವರೆಗೆ ತವರಿಗೆ ಹೋಗುತ್ತೇನೆ ಎಂದೆ. ಅಂದಿನಿಂದ ಅವರು ಮಾತು ಬಿಟ್ಟಿದ್ದಾರೆ. ಗಂಡ ತೋಟಕ್ಕೆ ಹೋದರೆ ಬರುವುದು ಸಂಜೆಗೆ, ಯಾರ ಪರವಾಗಿಯೂ ಬಾಯಿ ಬಿಡುವುದಿಲ್ಲ. ಹೋಗಲೇ, ಇರಲೇ?

ಉತ್ತರ: ಹೋಗುವ ಮಾತು ಆಮೇಲೆ. ಮೊದಲು ಅಗ್ಗಿಷ್ಟಿಕೆ. ಬಾಗಿಲು ಹಾಕಿದ ಕೋಣೆಯಲ್ಲಿ ಕೆಂಡ ಇಡುವುದು ಇವತ್ತು ರಾತ್ರಿಯಿಂದಲೇ ನಿಲ್ಲಬೇಕು, ಇದರಲ್ಲಿ ರಾಜಿ ಇಲ್ಲ. ಕೆಂಪಗೆ ಕಾದ ಕೆಂಡ ನೋಡಿದರೆ ಹೊಗೆಯೇ ಇಲ್ಲವಲ್ಲ ಅನ್ನಿಸುತ್ತದೆ. ಆದರೆ ಅದರಿಂದ ಕಾರ್ಬನ್ ಮಾನಾಕ್ಸೈಡ್ ಏಳುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದಲ್ಲಿ ಆಮ್ಲಜನಕ ಇರಬೇಕಾದ ಜಾಗವನ್ನು ಅದು ಹಿಡಿದುಬಿಡುತ್ತದೆ. ನಿದ್ದೆಯಲ್ಲಿರುವವರಿಗೆ ಎಚ್ಚರವೇ ಆಗದೆ ಹೋಗಬಹುದು. ಬೆಳಿಗ್ಗೆ ಎದ್ದಾಗ ನಿಮಗೂ ಗಂಡನಿಗೂ ಒಟ್ಟಿಗೆ ತಲೆನೋವು, ವಾಕರಿಕೆ ಇದ್ದು, ಹೊರಗೆ ಓಡಾಡಿದ ಮೇಲೆ ಇಳಿಯುತ್ತಿದ್ದರೆ ಅದನ್ನು ಶೀತ ಎಂದುಕೊಳ್ಳಬೇಡಿ. ಅತ್ತೆ ಮಕ್ಕಳನ್ನು ಬೆಳೆಸಿದ ಕಾಲದ ಹೆಂಚಿನ ಮನೆಗಳಲ್ಲಿ ಸಂದಿಗೊಂದಿಯಿಂದ ಗಾಳಿ ಆಡುತ್ತಿತ್ತು. ಗಾಜಿನ ಕಿಟಕಿ ಕೂರಿಸಿದ ತಾರಸಿ ಕೋಣೆ ಹಾಗಲ್ಲ. ಅವರಿಗೆ ಇದನ್ನು ಹೀಗೇ ಹೇಳಿದರೆ, ಅವರ ಬಾಣಂತನವನ್ನೂ ಅನುಭವವನ್ನೂ ತೆಗಳಿದಂತಾಗುವುದಿಲ್ಲ.

ಚಳಿಗೆ ಬಿಸಿನೀರಿನ ಬ್ಯಾಗ್ ಸಾಕು. ಟವೆಲಿನಲ್ಲಿ ಸುತ್ತಿ ಹತ್ತು ನಿಮಿಷ ಮಗುವಿನ ಹಾಸಿಗೆಯಲ್ಲಿಡಿ, ಮಗುವನ್ನು ಮಲಗಿಸುವ ಮೊದಲು ತೆಗೆದುಬಿಡಿ. ನಿಮಗೆ ಬೇಕಾದ್ದಕ್ಕಿಂತ ಒಂದು ಪದರ ಬಟ್ಟೆ ಮಗುವಿಗೆ ಹೆಚ್ಚಿಗೆ ಇದ್ದರಾಯಿತು.

ಇನ್ನು ಬಟ್ಟೆ. ಇಲ್ಲಿ ನಿಮ್ಮ ಅತ್ತೆಯ ತಿಳಿವಳಿಕೆಯನ್ನು ಮೆಚ್ಚಲೇಬೇಕು. ಚಳ್ಳಕೆರೆಯಲ್ಲಿ ನೆರಳಿಗೆ ಹಾಕಿದರೂ ಬಟ್ಟೆ ಗರಿಗರಿಯಾಗುತ್ತದೆ. ಪುಷ್ಪಗಿರಿ ತಪ್ಪಲಿನ ಜುಲೈ ತಿಂಗಳ ಗಾಳಿಯಲ್ಲಿ ತೇವ ತುಂಬಿ ತುಳುಕುತ್ತಿರುತ್ತದೆ. ಜಗಲಿಯಲ್ಲಿ ನಾಲ್ಕು ದಿನ ಹರವಿಟ್ಟರೂ ಬಟ್ಟೆಯ ನೀರು ಹೀರಲು ಅದಕ್ಕೆ ತ್ರಾಣವಿಲ್ಲ. ಗಾಳಿ ಬಿಸಿಯಾದರೆ ಮಾತ್ರ ಆ ಶಕ್ತಿ ಬರುತ್ತದೆ. ಹಾಗಾಗಿ ಶಾಖ ಬೇಕೇ ಬೇಕು. ಅವರು ಶಾಖದ ಪರ ಮಾತಾಡುತ್ತಿದ್ದಾರೆ, ನೀವು ಹೊಗೆಯನ್ನು ವಿರೋಧಿಸುತ್ತಿದ್ದೀರಿ. ಎರಡನ್ನೂ ಬೇರೆ ಮಾಡಿದರೆ ಜಗಳದ ಮುಕ್ಕಾಲು ಪಾಲು ಅಲ್ಲೇ ಮುಗಿಯುತ್ತದೆ, ಮಾಡುವುದೂ ಕಷ್ಟವಿಲ್ಲ.

ಬಚ್ಚಲೊಲೆ ಹೆಚ್ಚು ಹೊಗೆ ಕಾರುವುದು ಬೆಳಿಗ್ಗೆ ಹೊತ್ತಿಸಿದ ಮೊದಲ ಅರ್ಧ, ಮುಕ್ಕಾಲು ಗಂಟೆ, ಅದೂ ಸೌದೆ ಹಸಿಯಿದ್ದಾಗ. ಆ ಹೊತ್ತಿಗೆ ಹಗ್ಗದ ಮೇಲೆ ಬಟ್ಟೆ ಇದ್ದರೆ ಹೊಗೆಯೂ ಹಿಡಿಯುತ್ತದೆ, ಸ್ನಾನದ ಹಬೆಯೂ ಹಿಡಿಯುತ್ತದೆ. ಒಲೆ ಹೊತ್ತಿಸುವ ಮೊದಲೇ ಬಟ್ಟೆ ಹರವುವುದರಿಂದಲೇ ಎಲ್ಲ ಕೆಡುವುದು. ಕೊನೆಯವರ ಸ್ನಾನ ಮುಗಿಯಲಿ, ನೆಲದ ನೀರು ಬಳಿದು ತೆಗೆಯಿರಿ, ಉರಿ ಇಳಿದು ಬರೀ ಕೆಂಡ ಉಳಿಯಲಿ. ಆಗ ಬಟ್ಟೆ ಹಾಕಿ. ಮನೆಯೊಳಕ್ಕೆ ತೆರೆಯುವ ಬಾಗಿಲು ಮುಚ್ಚಿ, ಹೊರಗಿನ ಬೆಳಕಿಂಡಿ ತೆರೆದಿಡಿ. ಬೆಳಕಿಂಡಿ ಮುಚ್ಚಿದರೆ ಬಟ್ಟೆಯಿಂದ ಎದ್ದ ಹಬೆ ಅಲ್ಲೇ ಸುತ್ತಿ ಮತ್ತೆ ಬಟ್ಟೆಗೇ ಕೂರುತ್ತದೆ, ಕೆಂಡದ ಗಾಳಿಯೂ ಹೊರಗೆ ಹೋಗುವುದಿಲ್ಲ. ಆ ಹೊತ್ತಿನಲ್ಲಿ ಮಗುವನ್ನು ಎತ್ತಿಕೊಂಡು ಬಚ್ಚಲೊಳಗೆ ಹೋಗುವುದು ಬೇಡ.

ಹಗ್ಗ ನೈಲಾನಿನದಾದರೆ ಇವತ್ತೇ ತೆಗೆಸಿ. ಶಾಖಕ್ಕೆ ಜೋಲು ಬಿದ್ದು, ಬಟ್ಟೆ ಒಲೆಗೇ ಇಳಿಯುತ್ತದೆ. ಬಿದಿರ ಗಳ ಅಥವಾ ಜಿಐ ತಂತಿ ಕಟ್ಟಿಸಿ, ಕೆಂಡದಿಂದ ಐದಡಿಯಾದರೂ ಎತ್ತರ ಇರಲಿ. ಬಟ್ಟೆಯನ್ನು ಮಡಚಿ ನೇತುಹಾಕದೆ ಒಂದು ಅಂಚಿಗೆ ಕ್ಲಿಪ್ ಹಾಕಿ ಇಳಿಬಿಡಿ, ಒಂದಕ್ಕೂ ಇನ್ನೊಂದಕ್ಕೂ ನಾಲ್ಕು ಬೆರಳಿನಷ್ಟು ಸಂದು ಬಿಡಿ. ಜಾಗವಿಲ್ಲವೆಂದು ಒತ್ತೊತ್ತಾಗಿ ಹಾಕಿದ ಇಪ್ಪತ್ತು ಬಟ್ಟೆಗಿಂತ ಬಿಡಿಬಿಡಿಯಾಗಿ ಹಾಕಿದ ಹತ್ತು ಬಟ್ಟೆ ಬೇಗ ಒಣಗುತ್ತದೆ. ಉಳಿದ ಹತ್ತನ್ನು ಎರಡನೇ ಸರದಿಗೆ ಹಾಕಿ.

ಒಲೆಗೆ ಹೋಗುವ ಮೊದಲು ಬಟ್ಟೆಯಲ್ಲಿ ನೀರು ಎಷ್ಟು ಉಳಿದಿದೆ ಎನ್ನುವುದೇ ಬಹಳ ಮುಖ್ಯ. ಕೈಯಲ್ಲಿ ಹಿಂಡಿದ್ದು ಸಾಲದು. ಸೆಮಿ ಆಟೋಮ್ಯಾಟಿಕ್ ಮೆಷೀನಿನ ಸ್ಪಿನ್ ತೊಟ್ಟಿಯಲ್ಲಿ ಐದು ನಿಮಿಷ ತಿರುಗಿಸಿ, ತೆಗೆದು ಚೆನ್ನಾಗಿ ಕೊಡವಿ, ಮತ್ತೆ ಮೂರು ನಿಮಿಷ ತಿರುಗಿಸಿ. ಮೊದಲ ಸುತ್ತಿಗೆ ಒಂದಕ್ಕೊಂದು ಅಂಟಿಕೊಂಡ ಮಡಿಕೆಗಳೊಳಗಿನ ನೀರು ಎರಡನೇ ಸುತ್ತಿಗೆ ಬರುತ್ತದೆ. ಮರ ಬಿದ್ದು ಕರೆಂಟು ಹೋದ ದಿನ ದಪ್ಪ ಒಣ ಟವೆಲಿನ ಮೇಲೆ ಮಗುವಿನ ಬಟ್ಟೆ ಹಾಸಿ, ಚಾಪೆಯಂತೆ ಸುರುಳಿ ಸುತ್ತಿ, ಮೇಲೆ ಮಂಡಿಯೂರಿ ಒತ್ತಿ. ಟವೆಲು ಒದ್ದೆಯಾದಷ್ಟೂ ಬಟ್ಟೆ ಹಗುರ.

ನಾಲ್ಕು ತಿಂಗಳ ಮಗುವಿಗೆ ದಿನಕ್ಕೆ ಹತ್ತು ಹನ್ನೆರಡು ನ್ಯಾಪಿ ಬೇಕಾಗುತ್ತದೆ. ಇಲ್ಲಿ ಒಗೆದದ್ದು ಕೈಗೆ ಬರಲು ಎರಡು ದಿನ ಎಂದಿಟ್ಟುಕೊಂಡರೆ, ಆ ದಿನದ ಬಳಕೆಯದ್ದೂ ಸೇರಿ ಮೂವತ್ತಾರಾದರೂ ಇರಬೇಕು. ಅಂಗಡಿಯ ಮೂರು ನಾಲ್ಕು ಪದರದ ಹೊಲಿದ ನ್ಯಾಪಿ ಈ ಹವೆಗೆ ಆಗಿಬರುವುದಿಲ್ಲ, ಮೇಲೆ ಒಣಗಿ ಒಳಗೆ ಹಸಿಯಾಗಿಯೇ ಇರುತ್ತದೆ. ಹಳೇ ಮಲ್ ಪಂಚೆಯನ್ನು ಎರಡಡಿ ಚೌಕಕ್ಕೆ ಹರಿದುಕೊಳ್ಳಿ. ಮಡಚಿ ಕಟ್ಟಿದಾಗ ನಾಲ್ಕು ಪದರ, ಬಿಡಿಸಿ ಹರವಿದಾಗ ಒಂದೇ ಪದರ. ಇದನ್ನು ಅತ್ತೆಯನ್ನೇ ಕೇಳಿ ಮಾಡಿಸಿಕೊಳ್ಳಿ, ಅವರ ಪೆಟ್ಟಿಗೆಯಲ್ಲಿ ಮಾವನ ಹಳೇ ಪಂಚೆಗಳು ಇದ್ದೇ ಇರುತ್ತವೆ. ಮಾತು ನಿಂತ ಮನೆಯಲ್ಲಿ ಮತ್ತೆ ಮಾತು ಶುರುವಾಗಲು ಇಂಥದ್ದೊಂದು ಕೆಲಸ ಬೇಕು. ರಾತ್ರಿಗೆ ಮಾತ್ರ ಡೈಪರ್ ಬಳಸಿ. ಮಧ್ಯರಾತ್ರಿ ಒಮ್ಮೆ ಬದಲಿಸಿದರೂ ಮರುದಿನಕ್ಕೆ ನಾಲ್ಕೈದು ಬಟ್ಟೆ ಉಳಿಯುತ್ತದೆ.

ಒಲೆಯಿಂದ ತೆಗೆದ ಬಟ್ಟೆ ಬೆಚ್ಚಗಿರುವುದರಿಂದ ಒಣಗಿದಂತೆ ಕಾಣುತ್ತದೆ, ಇದಕ್ಕೆ ಮೋಸಹೋಗಬೇಡಿ. ಐದು ನಿಮಿಷ ಆರಲು ಬಿಟ್ಟು, ಹೊಲಿಗೆಯ ಅಂಚನ್ನು ಮೇಲ್ದುಟಿಗೆ ತಾಗಿಸಿ ನೋಡಿ. ಕೈಗೆ ತಿಳಿಯದ ತಂಪು ತುಟಿಗೆ ತಿಳಿಯುತ್ತದೆ. ತಂಪೆನಿಸಿದರೆ ಇಸ್ತ್ರಿ ಹಾಕಿ, ಮತ್ತೆ ಆರಿಸಿ, ಆಮೇಲೆ ಬೀರುವಿಗೆ. ಇಸ್ತ್ರಿಯ ಬಿಸಿ ಇರುವಾಗಲೇ ಜೋಡಿಸಿಟ್ಟರೆ ಒಳಗೆ ಬೆವರಿ ಬೂಷ್ಟು ಬರುತ್ತದೆ. ಬೀರು ಗೋಡೆಯಿಂದ ನಾಲ್ಕು ಬೆರಳು ಈಚೆಗಿರಲಿ, ಮಳೆ ಬಡಿಯುವ ಗೋಡೆಯ ಕಡೆಯಂತೂ ಬೇಡ.

ಒಂದು ಮಾತನ್ನು ಒತ್ತಿ ಹೇಳಬೇಕು: ಮಗುವಿನ ಬಟ್ಟೆಯ ನಡುವೆ ನುಸಿ ಗುಳಿಗೆ ಇಡಬೇಡಿ. ಅದರಲ್ಲಿ ನ್ಯಾಫ್ತಲೀನ್ ಇರುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಎಳೆ ಮಕ್ಕಳಲ್ಲಿ ಅದರ ಆವಿಯಿಂದ ರಕ್ತಕಣಗಳು ಒಡೆದು ಕಾಮಾಲೆ, ರಕ್ತಹೀನತೆ ಬರಬಹುದು. ಕೊರತೆ ಇದೆಯೋ ಇಲ್ಲವೋ ಪರೀಕ್ಷೆ ಮಾಡಿಸದೆ ಗೊತ್ತಾಗುವುದಿಲ್ಲ. ನೆಗಡಿಗೆಂದು ಎದೆಗೆ ಕರ್ಪೂರದ ಎಣ್ಣೆ ಹಚ್ಚುವುದೂ ಈ ವಯಸ್ಸಿಗೆ ಬೇಡ, ಮಕ್ಕಳಿಗೆ ಅದರಿಂದ ಫಿಟ್ಸ್ ಬರಬಹುದು.

ಮುಗ್ಗಲು ವಾಸನೆ ಹೊಗೆಯಷ್ಟೇ ನಿಮ್ಮನ್ನು ಕಾಡುತ್ತಿರಬೇಕು. ಬಟ್ಟೆ ಬಹಳ ಹೊತ್ತು ಒದ್ದೆಯಾಗಿದ್ದಾಗ ಬೆಳೆಯುವ ಬ್ಯಾಕ್ಟೀರಿಯಾದಿಂದ ಅದು ಬರುತ್ತದೆ. ಸೋಪಿನ ಪುಡಿ ಹೆಚ್ಚು ಹಾಕಿದರೆ ಹೋಗುತ್ತದೆ ಎಂಬುದು ತಪ್ಪು, ಜಾಲಿಸಿ ಹೋಗದ ಸೋಪು ಎಳೆಯಲ್ಲೇ ಕೂತು ಇನ್ನಷ್ಟು ಕೆಡಿಸುತ್ತದೆ, ಮಗುವಿನ ಚರ್ಮಕ್ಕೂ ಉರಿ. ಪುಡಿಯನ್ನು ಈಗ ಹಾಕುವುದರ ಅರ್ಧಕ್ಕೆ ಇಳಿಸಿ, ಮೂರು ನೀರಿನಲ್ಲಿ ಜಾಲಿಸಿ. ಎರಡು ದಿನಕ್ಕೊಮ್ಮೆ ನ್ಯಾಪಿಗಳನ್ನು ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸಿ. ಘಮಘಮ ಎನ್ನುವ ಫ್ಯಾಬ್ರಿಕ್ ಕಂಡೀಷನರ್ ಹಾಕಿದರೆ ಬಟ್ಟೆ ನೀರು ಹೀರುವುದೇ ಕಡಿಮೆಯಾಗುತ್ತದೆ.

ಡ್ರೈಯರ್ ತರಬಹುದು, ಆದರೆ ನೀವಂದುಕೊಂಡಷ್ಟು ಉಪಕಾರ ಅದರಿಂದ ಆಗಲಾರದು. ಅದು ಎಳೆಯುವುದು 2000 ವ್ಯಾಟ್‌ಗೂ ಮೇಲೆ. 16 ಆಂಪಿಯರ್ ಸಾಕೆಟ್ ಬೇಕು, ವೋಲ್ಟೇಜ್ ಇಳಿದರೆ ಕಾಯುವುದಿಲ್ಲ, ಮನೆಯ ಇನ್ವರ್ಟರ್ ಅದನ್ನು ಓಡಿಸುವುದಿಲ್ಲ. ನಿಮಗೆ ಅದು ತೀರಾ ಬೇಕಾದ ದಿನವೇ ಕರೆಂಟು ಇರುವುದಿಲ್ಲ. ಮನೆಯಲ್ಲಿ ಸ್ಪಿನ್ ತೊಟ್ಟಿ ಇಲ್ಲದಿದ್ದರೆ ಮೊದಲು ಅದಕ್ಕೆ ದುಡ್ಡು ಹಾಕಿ. ಸುಮಾರು 50 ವ್ಯಾಟ್‌ನ ಟೇಬಲ್ ಫ್ಯಾನನ್ನು ಇನ್ವರ್ಟರ್ ರಾತ್ರಿಯಿಡೀ ಓಡಿಸುತ್ತದೆ, ಅರೆ ಒಣಗಿದ ಬಟ್ಟೆಗೆ ಅದೇ ಸಾಕಾಗುತ್ತದೆ. ಆಮೇಲೂ ಸಾಲದು ಅನ್ನಿಸಿದರೆ ಡ್ರೈಯರ್ ಬಗ್ಗೆ ಮುಂದಿನ ಮಳೆಗಾಲಕ್ಕೆ ಯೋಚಿಸಿ.

ಸಾಂಬ್ರಾಣಿಯ ಹೊಗೆ ಎಳೆ ಶ್ವಾಸನಾಳಕ್ಕೆ ಒಳ್ಳೆಯದಲ್ಲ, ತಲೆಗೂದಲು ಒಣಗಲು ಅದು ಬೇಕಾಗಿಯೂ ಇಲ್ಲ. ಬೆಚ್ಚಗಿನ ಮೆದು ಟವೆಲಿನಿಂದ ಒತ್ತಿ ಒರೆಸಿದರಾಯಿತು. ಆದರೆ ಅತ್ತೆಗೆ ಅದು ಮೊಮ್ಮಗನಿಗೆ ಮಾಡುವ ಆರೈಕೆ, ಕಿತ್ತುಕೊಂಡರೆ ನೋವಾಗುತ್ತದೆ. ಸಂಜೆ ದೇವರ ಕೋಣೆಯಲ್ಲಿ ಸಾಂಬ್ರಾಣಿ ಹಾಕಲಿ, ಆ ಹೊತ್ತಿಗೆ ನೀವು ಮಗುವಿನೊಂದಿಗೆ ಜಗಲಿಯಲ್ಲಿರಿ. ಎಣ್ಣೆ ಒತ್ತಿ ನೀರು ಹಾಕುವ ಕೆಲಸ ಪೂರ್ತಿ ಅವರಿಗೇ ಬಿಡಿ.

ನಿಮ್ಮ ಗಂಡನಿಗೆ ಇಲ್ಲಿ ಎರಡು ಕೆಲಸವಿದೆ, ಈ ಅಂಕಣವನ್ನು ಅವರೂ ಓದಲಿ. ಮೊದಲನೆಯದು ಸೌದೆ. ನಾಳೆಗೆ ಬೇಕಾದ ಸೌದೆಯನ್ನು ಇವತ್ತೇ ಸಣ್ಣಗೆ ಸೀಳಿ, ಒಲೆಯಿಂದ ಮೂರಡಿ ದೂರದಲ್ಲಿ ಒಟ್ಟಿಟ್ಟರೆ ರಾತ್ರಿಯ ಶಾಖಕ್ಕೆ ತೇವ ಇಳಿದಿರುತ್ತದೆ. ತೋಟದಲ್ಲಿ ಸವರಿದ ಕಾಫಿ ಕೊಂಬೆ, ಸಿಲ್ವರ್ ಓಕ್ ರೆಂಬೆಗಳನ್ನು ಮುಂದಿನ ವರ್ಷ ಮೇ ತಿಂಗಳೊಳಗೆ ಸೂರಿನಡಿ ಸೇರಿಸಲಿ. ಒಲೆಗೆ ಹೊಗೆ ಕೊಳವೆ ಇದ್ದರೆ ಇಲ್ಲಣ ತಟ್ಟಿಸಲಿ. ಇಲ್ಲದಿದ್ದರೆ ಮಳೆ ಬಿಟ್ಟ ಮೇಲೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಯ ಮಾದರಿಯಲ್ಲಿ ಕೊಳವೆಯಿಟ್ಟು ಕಟ್ಟಿಸಲಿ, ಹೊಗೆ ಸೂರಿನ ಮೇಲೆ ಹೋಗುತ್ತದೆ, ಸೌದೆಯೂ ಉಳಿಯುತ್ತದೆ.

ಎರಡನೆಯದು ಮಾತು. ಅಗ್ಗಿಷ್ಟಿಕೆ ಬೇಡವೆಂದು ಅತ್ತೆಗೆ ಹೇಳಬೇಕಾದವರು ನೀವಲ್ಲ, ಅವರ ಮಗ. ಸೊಸೆ ಹೇಳಿದರೆ ಅದು ದೂರಾಗುತ್ತದೆ. 'ಅಮ್ಮ, ಬಾಗಿಲು ಹಾಕಿದ ಕೋಣೇಲಿ ಕೆಂಡ ಇಟ್ರೆ ವಿಷಗಾಳಿ ತುಂಬುತ್ತೆ. ನಮ್ಮ ಕೋಣೆಗೆ ಬೇಡ. ಬಟ್ಟೆ ಒಣಗ್ಸೋದಕ್ಕೆ ಬಚ್ಚಲೊಲೆ ನೀನೇ ನೋಡ್ಕೋ, ಹೊಗೆ ಇಳಿದ ಮೇಲೆ ಹಾಕು.' ಇಷ್ಟೇ ಸಾಕು. ನಿಮ್ಮ ಹೆಸರು ಅದರಲ್ಲಿ ಬರಬಾರದು. ಮೌನವಾಗಿರುವುದರಿಂದ ತಾವು ಯಾರನ್ನೂ ನೋಯಿಸುತ್ತಿಲ್ಲ ಎಂದು ನಿಮ್ಮ ಗಂಡ ತಿಳಿದಿರಬಹುದು. ಆ ಮೌನದ ಭಾರವನ್ನು ಇಬ್ಬರು ಹೆಂಗಸರು ಹೊರುತ್ತಿದ್ದೀರಿ.

ಈಗ ತವರಿನ ಮಾತು. ಹೋಗಿ, ಆದರೆ ದೀಪಾವಳಿವರೆಗೆ ಅಲ್ಲ. ಕೋಪದಲ್ಲಿ ಆಡಿದ ಮೂರು ತಿಂಗಳ ಲೆಕ್ಕ ಅತ್ತೆಯ ಕಿವಿಗೆ 'ಮೊಮ್ಮಗನನ್ನು ಕರೆದುಕೊಂಡು ಹೋಗಿಬಿಡುತ್ತೇನೆ' ಎಂದೇ ಕೇಳಿಸಿರುತ್ತದೆ. ಇನ್ನೊಂದು ಭಯವೂ ಇದ್ದೀತು. 2018ರ ಆಗಸ್ಟ್‌ನಲ್ಲಿ ಮಾದಾಪುರ, ಹಟ್ಟಿಹೊಳೆ ಕಡೆ ಗುಡ್ಡ ಕುಸಿದು ಊರುಗಳೇ ಕಡಿದುಹೋದದ್ದನ್ನು ಕಂಡವರು, ಜಡಿಮಳೆಯಲ್ಲಿ ಎಳೆಗೂಸಿನೊಂದಿಗೆ ಹೊರಡುವ ಮಾತನ್ನು ಸುಲಭಕ್ಕೆ ಒಪ್ಪುವುದಿಲ್ಲ. ಗೌರಿ ಹಬ್ಬಕ್ಕೆ ತವರಿಗೆ ಹೋಗುವುದು ಯಾರೂ ಬೇಡ ಎನ್ನದ ಪದ್ಧತಿ. ಆ ಹೊತ್ತಿಗೆ ಮಳೆಯೂ ಸ್ವಲ್ಪ ಹಿಡಿತಕ್ಕೆ ಬಂದಿರುತ್ತದೆ. ಹೋಗುವ ದಿನ, ಹದಿನೈದು ಇಪ್ಪತ್ತು ದಿನ ಬಿಟ್ಟು ಬರುವ ದಿನ, ಎರಡನ್ನೂ ಮೊದಲು ಅತ್ತೆಗೇ ಹೇಳಿ, ಆಮೇಲೆ ತವರಿಗೆ ಫೋನ್ ಮಾಡಿ. ಹದಿನಾಲ್ಕು ವಾರದ ಲಸಿಕೆ ಆಗಿದ್ದರೆ ಸರ್ಕಾರಿ ಪಟ್ಟಿಯಲ್ಲಿ ಮುಂದಿನದು ಒಂಬತ್ತು ತಿಂಗಳಿಗೆ, ಹಾಗಾಗಿ ಅದರ ಅಡ್ಡಿಯಿಲ್ಲ. ತಾಯಿ ಕಾರ್ಡ್ ಮಾತ್ರ ಜೊತೆಗಿರಲಿ. ಆದರೆ ಮಗ ಹೇಳಿದ ಮೇಲೂ ಕೋಣೆಗೆ ಕೆಂಡ ಬರುವುದು ನಿಲ್ಲದಿದ್ದರೆ ಹಬ್ಬಕ್ಕೆ ಕಾಯಬೇಡಿ, ದಾರಿ ಸರಿಯಿರುವ ಮೊದಲ ದಿನವೇ ಹೊರಡಿ.

ಮಗುವಿಗೆ ಕೆಮ್ಮು ಶುರುವಾದರೆ ಹೀಗೆ ಮಾಡಿ. ಅಳದೆ ಸುಮ್ಮನಿರುವಾಗ ಅಂಗಿ ಎತ್ತಿ, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಹೊಟ್ಟೆ ಎಷ್ಟು ಸಲ ಏರುತ್ತದೆ ಎಂದು ಎಣಿಸಿ. ಈ ವಯಸ್ಸಿಗೆ ಐವತ್ತು ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೇಗದ ಉಸಿರಾಟ, ಅದೇ ದಿನ ಡಾಕ್ಟರಿಗೆ ತೋರಿಸಬೇಕು. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ಹಾಲು ಕುಡಿಯಲಾಗದಿದ್ದರೆ, ತುಟಿ ನೀಲಿಯಾದರೆ ಆ ಗಳಿಗೆಯೇ ಆಸ್ಪತ್ರೆಗೆ ಹೊರಡಿ, 108ಕ್ಕೆ ಫೋನ್ ಮಾಡಿ. ಅದಕ್ಕೆ ಅತ್ತೆಯ ಒಪ್ಪಿಗೆಗಾಗಲಿ, ಗಂಡ ತೋಟದಿಂದ ಬರುವುದಕ್ಕಾಗಲಿ ಕಾಯಬೇಡಿ.