ಎಣ್ಣೆ ಸೋರದಿದ್ದರೂ ಸಮುದ್ರದ ತೈಲ ಬಾವಿಗಳಿಂದ ತಿಮಿಂಗಿಲಗಳಿಗೆ ತೊಂದರೆ ಇದೆಯಾ?

ಇದೆ. ಬಾವಿ ಕೊರೆಯುವುದಕ್ಕೂ ಮುಂಚೆಯೇ ಶುರುವಾಗುತ್ತದೆ. "ಸೋರಿಕೆ ಆದರೆ ಮಾತ್ರ ತಾನೆ ಅಪಾಯ? ಹಡಗಿನ ಮೇಲೆ ಕಾವಲಿಗೆ ಜನ ಇರುತ್ತಾರಂತೆ, ಅಷ್ಟು ಸಾಕಲ್ವಾ?" ಅಂತ ಕೇಳಿದ್ದೀರಿ. ನಾನು ಕರಾವಳಿಯವಳಲ್ಲ, ಮಂಡ್ಯದಲ್ಲಿ ಕಿವಿ ಪರೀಕ್ಷೆ ಮಾಡುವವಳು. ಆದರೆ ಇದು ಕಿವಿಯದೇ ವಿಷಯ, ಅದಕ್ಕೇ ಬರೆಯುತ್ತಿದ್ದೇನೆ.

ಸಮುದ್ರದ ತಳದಲ್ಲಿ ಎಣ್ಣೆ, ಗ್ಯಾಸ್ ಎಲ್ಲಿದೆ ಅಂತ ಶಬ್ದ ಕಳಿಸಿ ಹುಡುಕುತ್ತಾರೆ. ಸರ್ವೆ ಹಡಗು ತನ್ನ ಹಿಂದೆ ಏರ್‌ಗನ್‌ಗಳ ಸಾಲನ್ನೇ ಎಳೆದುಕೊಂಡು ಹೋಗುತ್ತದೆ. ಒತ್ತಿಟ್ಟ ಗಾಳಿ ಒಮ್ಮೆಗೇ ನೀರಿಗೆ ನುಗ್ಗುತ್ತದೆ. ಆ ಸದ್ದು ತಳದೊಳಗೆ ಇಳಿದು, ಬಂಡೆಯ ಪದರಗಳಿಗೆ ಬಡಿದು ವಾಪಸ್ ಬರುತ್ತದೆ. ಹತ್ತು ಹದಿನೈದು ಸೆಕೆಂಡಿಗೊಂದು ಏಟು, ಹಗಲೂ ರಾತ್ರಿ, ವಾರಗಟ್ಟಲೆ. ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ ವೇಗವಾಗಿ ಓಡುತ್ತದೆ. ತಗ್ಗು ದನಿಯ ಸದ್ದಂತೂ ನೂರಾರು ಕಿಲೋಮೀಟರ್ ಹೋಗುತ್ತದೆ. ನೀಲಿ ತಿಮಿಂಗಿಲ, ಹಂಪ್‌ಬ್ಯಾಕ್‌ನಂಥ ದೊಡ್ಡವು ಒಂದನ್ನೊಂದು ಕರೆಯುವುದೂ ಇಂಥ ತಗ್ಗು ದನಿಯಲ್ಲೇ. 

ಪಾಂಡವಪುರ ಕಡೆಯ ಒಬ್ಬ ಹಿರಿಯರು ನನ್ನ ಹತ್ತಿರ ಬಂದಿದ್ದರು. ಎಷ್ಟೋ ವರ್ಷ ಜಲ್ಲಿ ಕ್ರಷರ್‌ನಲ್ಲಿ ದುಡಿದವರು. "ಕೇಳುಸ್ತದೆ ಕಣವ್ವ, ಏನಂದ್ರು ಅಂತ ಗೊತ್ತಾಗಾಕಿಲ್ಲ" ಅಂದರು. ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಬೆರಳೆತ್ತಿ ಅಂದೆ. ತಗ್ಗು ದನಿಗೆಲ್ಲ ಸರಿಯಾಗಿ ಎತ್ತಿದರು. 4,000 ಹರ್ಟ್ಸ್‌ನ ಏರು ದನಿಗೆ ಬಂದಾಗ ಬೆರಳು ತೊಡೆಯ ಮೇಲೇ ಉಳಿಯಿತು. ನಾನು ಸದ್ದು ಏರಿಸುತ್ತಾ ಹೋದೆ, ಅವರು ನನ್ನ ಮುಖವನ್ನೇ ನೋಡುತ್ತಾ ಕೂತಿದ್ದರು.

ಕ್ರಷರ್ ಸದ್ದು ಅವರ ಕಿವಿ ಕೆಡಿಸಿದ ಹಾಗೆ, ಏರ್‌ಗನ್‌ಗೆ ತೀರಾ ಹತ್ತಿರ ಸಿಕ್ಕಿಕೊಂಡರೆ ತಿಮಿಂಗಿಲದ ಕಿವಿಗೂ ಪೆಟ್ಟಾಗಬಹುದು. ದೂರದಲ್ಲಿ ಆಗುವುದು ಬೇರೆ, ಸದ್ದಿನಡಿ ಸದ್ದು ಮುಚ್ಚಿಹೋಗುವುದು. ಪರೀಕ್ಷೆಯಲ್ಲಿ ನಾವು ಬೇಕಂತಲೇ ಹಾಗೆ ಮಾಡುತ್ತೇವೆ. ಒಂದು ಕಿವಿ ನೋಡುವಾಗ ಇನ್ನೊಂದಕ್ಕೆ ಶ್ ಅನ್ನುವ ಸದ್ದು ಬಿಡುತ್ತೇವೆ, ಮಾಸ್ಕಿಂಗ್ ಅಂತ. ಎರಡು ನಿಮಿಷಕ್ಕೇ "ಸಾಕು ಮೇಡಂ" ಅನ್ನುತ್ತಾರೆ ಜನ. ತಿಮಿಂಗಿಲ ತೆಗೆದಿಡೋಕೆ ಅಲ್ಲಿ ಹೆಡ್‌ಫೋನ್ ಇಲ್ಲ. ಕತ್ತಲ ನೀರಿನಲ್ಲಿ ಜೊತೆಗಾರನನ್ನು, ಮರಿಯನ್ನು ಹುಡುಕಲು ಅದಕ್ಕಿರುವುದು ಕಿವಿ ಮಾತ್ರ.

ನಮ್ಮ ಅರಬ್ಬಿ ಸಮುದ್ರದಲ್ಲೇ ಇಂಥ ಹಂಪ್‌ಬ್ಯಾಕ್‌ಗಳಿವೆ. ಬೇರೆ ಕಡೆಯವು ಧ್ರುವದ ಕಡೆ ವಲಸೆ ಹೋಗುತ್ತವೆ, ಇವು ಹೋಗುವುದಿಲ್ಲ. ಇದೇ ಮನೆ. 1960ರ ದಶಕದಲ್ಲಿ, ಮುಖ್ಯವಾಗಿ 1966ರಲ್ಲಿ, ಸೋವಿಯತ್ ಹಡಗುಗಳು 240ಕ್ಕೂ ಜಾಸ್ತಿ ಹಂಪ್‌ಬ್ಯಾಕ್‌ಗಳನ್ನು ಇಲ್ಲಿ ಕದ್ದು ಕೊಂದವು. ಆಮೇಲೆ ಒಮಾನ್ ಕಡೆ ಎಣಿಸಿದಾಗ ಸಿಕ್ಕ ಅಂದಾಜು ಬರೀ 82. ಅವುಗಳಲ್ಲಿ ಒಂದು ಹೆಣ್ಣಿನ ಹೆಸರು ಲುಬಾನ್. ನಾವು ಲೋಬಾನ ಅನ್ನುತ್ತೇವಲ್ಲ, ಅದೇ ಪದ. 2017ರ ಕೊನೆಯಲ್ಲಿ ಒಮಾನ್ ಹತ್ತಿರ ಅವಳಿಗೆ ಉಪಗ್ರಹದ ಟ್ಯಾಗ್ ಹಾಕಿದರು. ಅವಳು ಸಮುದ್ರ ದಾಟಿ ಗೋವಾ ಹತ್ತಿರ ಬಂದಳು. ಅಲ್ಲಿಂದ ದಕ್ಷಿಣಕ್ಕೆ ಕನ್ಯಾಕುಮಾರಿ ಕಡೆ ಇಳಿದು, ತಿರುಗಿ ಒಮಾನಿಗೆ ಹೋದಳು. ಅಂದರೆ ನಮ್ಮ ಕಾರವಾರ, ಮಂಗಳೂರುಗಳಾಚೆಯ ನೀರಿನಲ್ಲೇ. ಆ ನಕ್ಷೆ ಮೊದಲ ಸಲ ನೋಡಿದ ದಿನ ನನಗೆ ನಿದ್ದೆ ಬರಲಿಲ್ಲ.

ಸೋರಿಕೆ ಚಿಕ್ಕ ವಿಷಯ ಅಂತ ನಾನು ಹೇಳುತ್ತಿಲ್ಲ. 2010ರಲ್ಲಿ ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ಅನ್ನುವ ರಿಗ್ ಸ್ಫೋಟವಾಗಿ, ಅದು ಕೊರೆಯುತ್ತಿದ್ದ ಬಾವಿಯಿಂದ 87 ದಿನ ಎಣ್ಣೆ ಹರಿಯಿತು. ಅಲ್ಲಿನ ರೈಸ್ ತಿಮಿಂಗಿಲಗಳು ಈಗ ಸುಮಾರು 50 ಉಳಿದಿವೆ. ಅದು ಬೇರೆಯೇ ಜಾತಿ ಅಂತ ಗುರುತಿಸಿದ್ದೇ 2021ರಲ್ಲಿ.

ಇನ್ನು ಕಾವಲಿನ ಮಾತು. ಸಾಮಾನ್ಯವಾಗಿ 500 ಮೀಟರ್ ಒಳಗೆ ತಿಮಿಂಗಿಲ ಕಂಡರೆ ಏರ್‌ಗನ್ ತಡೆಯುತ್ತಾರೆ, ಅವು ದೂರ ಹೋಗಲಿ ಅಂತ ಶುರುವಿನಲ್ಲಿ ಶಬ್ದವನ್ನೂ ಮೆಲ್ಲಗೆ ಏರಿಸುತ್ತಾರೆ. ಇಲ್ಲದಿರುವುದಕ್ಕಿಂತ ವಾಸಿ. ಆದರೆ ರಾತ್ರಿ ಏನು ಕಾಣುತ್ತದೆ? ಸ್ಪರ್ಮ್ ತಿಮಿಂಗಿಲ ಮುಳುಗಿದರೆ 45 ನಿಮಿಷ ಮೇಲೆ ಬರುವುದಿಲ್ಲ. ನಿಜವಾಗಿ ಕೆಲಸ ಮಾಡುವುದು ದೂರ ಮತ್ತು ಕಾಲ. ರಷ್ಯಾದ ಸಖಾಲಿನ್‌ನಲ್ಲಿ ಬೂದು ತಿಮಿಂಗಿಲಗಳು ಮೇಯುವ ಜಾಗ ತಪ್ಪಿಸಿ 2005ರಲ್ಲಿ ಪೈಪ್‌ಲೈನ್ ದಾರಿಯನ್ನೇ ಬದಲಿಸಿದರು. 2010ರ ಒಂದು ಸರ್ವೆಯನ್ನು, ಅವು ಹೆಚ್ಚು ಬರುವ ಮುಂಚೆ ಮುಗಿಸಲೆಂದು ಬೇಗ ಶುರು ಮಾಡಿದರು. ಮನಸ್ಸಿದ್ದರೆ ಆಗುತ್ತದೆ.

ದೂರ ಯಾಕೆ ಬೇಕು ಅಂತ ಮಂಡ್ಯದವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇಬಿ ಬೆಟ್ಟದ ಕಲ್ಲುಗಣಿ ಸ್ಫೋಟದಿಂದ ಕೆಆರ್‌ಎಸ್‌ಗೆ ಅಪಾಯ ಅಂತ ರೈತರು ಬೀದಿಗಿಳಿದರು. 2024ರಲ್ಲಿ ಹೈಕೋರ್ಟ್ ಅಣೆಕಟ್ಟಿನ ಸುತ್ತ 20 ಕಿಲೋಮೀಟರ್ ಗಣಿಗಾರಿಕೆಗೆ ತಡೆ ಕೊಟ್ಟಿತು. ಸಮುದ್ರದಲ್ಲಿ ಉಲ್ಟಾ ನಡೆದಿದೆ. 2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ತೈಲ, ಗ್ಯಾಸ್ ಹುಡುಕಾಟದ ಬಾವಿಗಳನ್ನು ಪರಿಸರ ಅನುಮತಿಯ ಬಿ2 ವರ್ಗಕ್ಕೆ ಇಳಿಸಿತು. ಆ ವರ್ಗಕ್ಕೆ ಸಾರ್ವಜನಿಕ ಅಹವಾಲು ಸಭೆ ಬೇಕಿಲ್ಲ. ಆ ಸಭೆ ವಾಪಸ್ ಬರಲಿ ಅಂತ ನಾನು ನಮ್ಮ ಸಂಸದರಿಗೂ ಪರಿಸರ ಸಚಿವಾಲಯಕ್ಕೂ ಕನ್ನಡದಲ್ಲೇ ಕಾಗದ ಬರೆದಿದ್ದೇನೆ. ನಿಮಗೂ ಬರೆಯಬೇಕು ಅನ್ನಿಸಿದರೆ ಕೆಳಗೆ ತಿಳಿಸಿ, ಅದರ ಪ್ರತಿ ಕಳಿಸುತ್ತೇನೆ.