ಡಾಕ್ಟರನ್ನು ಕೇಳಿ: ಆಟದ ಜಿಂಕೆಯನ್ನು ತಕ್ಕಡಿಗೆ ಹಾಕಿದರೆ

ಪ್ರಶ್ನೆ: ಡಾಕ್ಟ್ರೇ, ಪಿಯುಸಿ ಓದುವ ನನ್ನ ಮಗ ರಜೆಯಲ್ಲಿ ‘ದಿ ಹಂಟರ್: ಕಾಲ್ ಆಫ್ ದಿ ವೈಲ್ಡ್’ ಅನ್ನೋ ಬೇಟೆಯ ವಿಡಿಯೋ ಗೇಮ್ ಆಡುತ್ತಾನೆ. ಅದರಲ್ಲಿ ಜರ್ಮನಿಯ ಕಾಡಿನ ಒಂದು ಗಂಡು ರೆಡ್ ಡಿಯರ್ 210 ಕೆಜಿ ಎಂದು ತೋರಿಸಿತು. ಜರ್ಮನಿಯಲ್ಲಿ ಕೆಲಸದಲ್ಲಿರುವ ನನ್ನ ತಮ್ಮ ಒಪ್ಪಲಿಲ್ಲ. ಅಲ್ಲಿನ ಬೇಟೆಗಾರರು 150 ಕೆಜಿ ಬಂದರೇ ಖುಷಿಪಡ್ತಾರಂತೆ, ಆಟದವರು ಸುಮ್ನೆ ಏರಿಸಿದ್ದಾರೆ ಅಂತಾನೆ. ಯಾರದು ಸರಿ? (ತಿಪಟೂರಿನ ಓದುಗರು)

ಉತ್ತರ: ಇಬ್ಬರದೂ ಸರಿ ಇರಬಹುದು. ಜರ್ಮನಿಯ ಬೇಟೆಗಾರರು ಸಾಮಾನ್ಯವಾಗಿ ಹೇಳುವುದು ಹೊಟ್ಟೆ ಬಗೆದು ಒಳಗಿನದೆಲ್ಲ ತೆಗೆದ ಮೇಲಿನ ತೂಕ. ಜಿಂಕೆ ಜಾತಿಯಲ್ಲಿ ಹೊಟ್ಟೆ, ಕರುಳು, ರಕ್ತ ಎಲ್ಲ ಸೇರಿ ಮೈತೂಕದ ಕಾಲು ಭಾಗದ ಹತ್ತಿರ ಬರುತ್ತದೆ. ಹಾಗಾಗಿ ತಕ್ಕಡಿಯಲ್ಲಿ 150 ಕೆಜಿ ತೂಗಿದ್ದು ಬದುಕಿದ್ದಾಗ ಸುಮಾರು 200 ಕೆಜಿ ಇತ್ತು ಎಂದಾಯಿತು. ಬೆಳೆದ ಗಂಡು ರೆಡ್ ಡಿಯರ್‌ಗೆ 160ರಿಂದ 240 ಕೆಜಿ ಸಹಜವೇ. ಮಗನ 210 ಅದರೊಳಗೇ ಇದೆ.

ಈ ಕಾಲು ಭಾಗದ ಲೆಕ್ಕವನ್ನು ನಾನು ನನ್ನ ಕೈಯಾರೆ ತೂಗಿ ನೋಡಿದ್ದೇನೆ. ಗುಂಡ್ಲುಪೇಟೆ ಕಡೆ ಪಶುವೈದ್ಯನಾಗಿ ಕೆಲಸದಲ್ಲಿದ್ದಾಗ ಲಾರಿಗೆ ಸಿಕ್ಕಿ ಸತ್ತ ಒಂದು ಗಂಡು ಜಿಂಕೆಯ ಮರಣೋತ್ತರ ಪರೀಕ್ಷೆಗೆ ಕರೆದರು. ಹುಣಸೆ ಕೊಂಬೆಗೆ ಹಗ್ಗ ಕಟ್ಟಿ, ಹತ್ತಿ ಮಂಡಿಯ ತೂಗುಕೊಕ್ಕೆ ತರಿಸಿ ನೇತುಹಾಕಿದೆವು. ಸುತ್ತ ನಿಂತವರೆಲ್ಲ ‘ಒಂದು ಕ್ವಿಂಟಾಲ್ ಖಂಡಿತ’ ಅಂದರು. ಮುಳ್ಳು ನಿಂತಿದ್ದು 71 ಕೆಜಿಗೆ. ಆಮೇಲೆ ಹೊಟ್ಟೆ ಬಿಚ್ಚಿದೆ. ಅರ್ಧ ಮೆದ್ದ ಹುಲ್ಲಿನ ಹುಳಿ ವಾಸನೆ ಗಪ್ಪನೆ ಎದ್ದಿತು. ಒಳಗಿದ್ದದ್ದು ಎರಡು ಬಕೆಟ್ ತುಂಬಿತು. ಅವನ್ನೂ ತೂಗಿಸಿದೆ, 17 ಕೆಜಿ. ಕೋಡು ಕಂಡರೆ ಸಾಕು, ಕಣ್ಣು ತೂಕವನ್ನು ಜಾಸ್ತಿ ಮಾಡಿಬಿಡುತ್ತದೆ. ಅವತ್ತಿನಿಂದ ಯಾರ ಅಂದಾಜನ್ನೂ, ನನ್ನದನ್ನೂ, ತೂಗದೆ ಬರೆದುಕೊಂಡಿಲ್ಲ.

ನಿಮ್ಮ ತಮ್ಮನಿಗೆ ಇನ್ನೊಂದು ಮಾತು ಹೇಳಿ. ಸೆಪ್ಟೆಂಬರ್, ಅಕ್ಟೋಬರ್ ಅಲ್ಲಿ ರೆಡ್ ಡಿಯರ್ ಬೆದೆಗೆ ಬರುವ ಕಾಲ. ಗಂಡು ಹಗಲೂ ರಾತ್ರಿ ಕೂಗುತ್ತಾ, ಹೆಣ್ಣುಗಳ ಹಿಂಡು ಕಾಯುತ್ತಾ ಮೇವನ್ನೇ ಮರೆಯುತ್ತದೆ. ಮೈತೂಕದ ಐದನೇ ಒಂದು ಭಾಗದವರೆಗೂ ಇಳಿದುಹೋಗಬಹುದು. ಆಗಸ್ಟ್‌ನಲ್ಲಿ 210 ಇದ್ದದ್ದು ಅಕ್ಟೋಬರ್ ಮುಗಿಯುವಾಗ 170ರ ಹತ್ತಿರ. ಯಾವ ತಿಂಗಳಲ್ಲಿ ತೂಗಿದ್ದು ಅಂತ ಗೊತ್ತಿಲ್ಲದೆ ಜಗಳ ಆಡಿದರೆ ಜಗಳ ಮುಗಿಯೋದೇ ಇಲ್ಲ.

ಪ್ರಶ್ನೆ: ಅದೇ ಆಟದಲ್ಲಿ ಪ್ರಾಣಿಗಳನ್ನು 1ರಿಂದ 9ರವರೆಗೆ ಕ್ಲಾಸ್ ಮಾಡಿದ್ದಾರೆ. ನರಿ 2, ರೋ ಡಿಯರ್ (ಯುರೋಪಿನ ಸಣ್ಣ ಜಿಂಕೆ) 3, ರೆಡ್ ಡಿಯರ್ 6, ಯುರೋಪಿನ ಬೈಸನ್ 9. ಕ್ಲಾಸಿಗೆ ಹೊಂದದ ಗುಂಡು ಹೊಡೆದರೆ ಅಂಕ ಕಡಿಮೆ. ನಿಜವಾಗಿ ಹೀಗೆಲ್ಲ ಇದೆಯಾ? (ಶಿರಸಿಯ ಓದುಗರು)

ಉತ್ತರ: ಇದೆ. ಅಲ್ಲಿ ಅದು ಕಾನೂನು. ಜರ್ಮನಿಯ ಬೇಟೆ ಕಾಯ್ದೆಯ ಪ್ರಕಾರ ರೋ ಡಿಯರ್‌ಗೆ ಬಳಸುವ ಗುಂಡಿನಲ್ಲಿ 100 ಮೀಟರ್ ದೂರದಲ್ಲೂ ಕನಿಷ್ಠ 1000 ಜೌಲ್ ಶಕ್ತಿ ಉಳಿದಿರಬೇಕು. ರೆಡ್ ಡಿಯರ್, ಕಾಡುಹಂದಿಯಂಥ ಉಳಿದ ಗೊರಸಿನ ಪ್ರಾಣಿಗಳಿಗೆ 2000 ಜೌಲ್ ಬೇಕು, ಗುಂಡಿನ ದಪ್ಪವೂ 6.5 ಮಿಲಿಮೀಟರಿಗೆ ಕಡಿಮೆ ಇರಬಾರದು. ಆಟ ತಯಾರಿಸಿದ್ದು ಸ್ವೀಡನ್ನಿನ ಕಂಪನಿ. ಆ ದೇಶದಲ್ಲಿ ಮದ್ದುಗುಂಡಿಗೇ ನಾಲ್ಕು ಕ್ಲಾಸ್. ಆದರೆ ಅಂಕಿ ಉಲ್ಟಾ: ಮೂಸ್ ಎಂಬ ಭಾರೀ ಜಿಂಕೆಗೆ 1, ರೋ ಡಿಯರ್‌ಗೆ 2.

ಇದರ ಹಿಂದೆ ಇರುವುದು ದಯೆ. ಸಣ್ಣ ಗುಂಡು ದೊಡ್ಡ ಪ್ರಾಣಿಗೆ ಬಿದ್ದರೆ ಅದು ಗಾಯ ಹೊತ್ತು ದಿನಗಟ್ಟಲೆ ನರಳುತ್ತದೆ. ಉರುಳಿಗೆ ಸಿಕ್ಕಿ, ನಾಡಬಂದೂಕಿನ ಚರೆ ಬಿದ್ದು, ಹುಳವಾದ ಗಾಯದ ಹಂದಿಗಳನ್ನು ನಾನು ನೋಡಿದ್ದೇನೆ. ಆ ವಾಸನೆ ಇವತ್ತಿಗೂ ಮರೆತಿಲ್ಲ. ಆಟ ಮಕ್ಕಳಿಗೆ ಇಷ್ಟನ್ನಾದರೂ ಕಲಿಸುತ್ತದಲ್ಲ, ಅದಕ್ಕೆ ನನಗೆ ಗೌರವವಿದೆ. ನಮ್ಮಲ್ಲಂತೂ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಮೋಜಿನ ಬೇಟೆಗೆ ಅವಕಾಶವೇ ಇಲ್ಲ.

ನನ್ನ ತಕರಾರು ಒಂದೇ. ಒಂದು ಜಾತಿಗೆ ಒಂದೇ ಕ್ಲಾಸ್ ಕೊಡುತ್ತಾರೆ. ಇದೇ ಆಟದ ನೇಪಾಳದ ಕಾಡಿನಲ್ಲಿ ಕೃಷ್ಣಮೃಗ, ಬಾರಾಸಿಂಘ, ನೀಲಗಾಯಿ ಇವೆ. ನೀಲಗಾಯಿಯನ್ನೇ ತೆಗೆದುಕೊಳ್ಳಿ. ಬೂದು ಬಣ್ಣದ ದೊಡ್ಡ ಗಂಡು 250 ಕೆಜಿ ದಾಟಬಹುದು. ಕಂದು ಬಣ್ಣದ ಸಣ್ಣ ಹೆಣ್ಣು 100ರ ಆಸುಪಾಸಿನಲ್ಲೇ ನಿಲ್ಲಬಹುದು. ಎರಡಕ್ಕೂ ಒಂದೇ ಅಂಕಿ ಹೇಗೆ? ಗಂಡು, ಹೆಣ್ಣಿಗೆ ಬೇರೆ ಕ್ಲಾಸ್ ಕೊಟ್ಟಿದ್ದರೆ ಹುಡುಗರು ಗುರಿಯಿಡುವ ಮೊದಲು ಪ್ರಾಣಿಯನ್ನು ಸರಿಯಾಗಿ ನೋಡುತ್ತಿದ್ದರು.

ಪ್ರಶ್ನೆ: ಸರ್, ನಾನು ಎಂಜಿನಿಯರಿಂಗ್ ವಿದ್ಯಾರ್ಥಿನಿ. ಕಾಡಿನಲ್ಲಿ ಫೋಟೋ ತೆಗೆಯುವ ಆಟವೊಂದನ್ನು ಮಾಡುತ್ತಿದ್ದೇನೆ. ಕಡವೆ ದೊಡ್ಡದಾಗಿ ಕಾಣಲಿ ಅಂತ ಶೇ. 20 ಹಿಗ್ಗಿಸಿದೆ, ತೂಕವನ್ನೂ ಶೇ. 20 ಹೆಚ್ಚಿಸಿದೆ. ಸರಿ ತಾನೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಸರಿಯಲ್ಲಮ್ಮ. ಮುದ್ದೆಯ ಅಗಲ ಎರಡರಷ್ಟಾದರೆ ಹಿಟ್ಟು ಎಂಟರಷ್ಟು ಬೇಕು, ಅಲ್ವಾ? ಮೈಯೂ ಹಾಗೇ. ಎತ್ತರ, ಉದ್ದ, ಅಗಲ ಮೂರೂ ಹಿಗ್ಗುತ್ತವೆ. 1.2 ಅನ್ನು ಮೂರು ಸಲ ಗುಣಿಸಿ, 1.728 ಬರುತ್ತದೆ. ನಿಮ್ಮ 200 ಕೆಜಿಯ ಕಡವೆ 240 ಆಗುವುದಿಲ್ಲ, ಸುಮಾರು 346 ಆಗುತ್ತದೆ. ಕಡವೆಯಲ್ಲಿ ಅಷ್ಟು ತೂಕ ತೀರಾ ಅಪರೂಪ. ಶೇ. 5 ಹಿಗ್ಗಿಸಿದರೆ ಸುಮಾರು 230 ಕೆಜಿ. ಅಷ್ಟಕ್ಕೇ ನೋಡುವವರಿಗೆ ‘ಅಬ್ಬಾ’ ಅನ್ನಿಸುತ್ತದೆ. ಹಿಂಡಿನಲ್ಲಿ ಬಹುಪಾಲು ಮಧ್ಯಮ ತೂಕದವು ಇರಲಿ, ತೀರಾ ದೊಡ್ಡದು ಅಪರೂಪಕ್ಕೆ ಒಂದು ಬರಲಿ.

ಕಂಪ್ಯೂಟರ್ ಮುಂದೆ ಕೂರುವ ಮೊದಲು ಒಂದು ಕೆಲಸ ಮಾಡಿ. ಯಾರದಾದರೂ ಮನೆಯ ಎತ್ತಿನ ಹತ್ತಿರ ಟೇಪು ಹಿಡಿದು ಹೋಗಿ. ಮಾಲೀಕರು ಮೂಗುದಾರ ಹಿಡಿದುಕೊಳ್ಳಲಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ. ಆಮೇಲೆ ಭುಜದ ಮೂಳೆಯ ತುದಿಯಿಂದ ಬಾಲದ ಬುಡದ ಪಕ್ಕದ ಮೂಳೆಯವರೆಗೆ ಉದ್ದ. ಎರಡೂ ಇಂಚಿನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 300ರಿಂದ ಭಾಗಿಸಿದರೆ ಪೌಂಡ್ ಬರುತ್ತದೆ. 2.2ರಿಂದ ಭಾಗಿಸಿದರೆ ಕೆಜಿ. ಸುತ್ತಳತೆ 66, ಉದ್ದ 58 ಇದ್ದ ಒಂದು ಹಳ್ಳಿಕಾರ್ ಎತ್ತು ನನ್ನ ಲೆಕ್ಕದಲ್ಲಿ 383 ಕೆಜಿ ಬಂದಿತ್ತು. ಲೆಕ್ಕ ಹಾಕುವ ಮೊದಲು ನಿಮ್ಮ ಅಂದಾಜನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಎರಡೂ ಅಂಕಿಯನ್ನು ನನಗೆ ಕಳಿಸಿ.