ಜಾರಿಕೆಯನ್ನು ಎಲ್ಲಿ ಹುಡುಕಬೇಕು: ಒಬ್ಬ ಲೇಖಕರಿಗೆ ಉತ್ತರ

ನಮಸ್ಕಾರ.

ಗುರುತ್ವ ಅಲೆಗಳ ಶೋಧಕದಲ್ಲಿ ಆಗುವ ನಿಧಾನದ ಜಾರಿಕೆಯ (ಡ್ರಿಫ್ಟ್, ಅಂದರೆ ಅಳತೆ ಮೆಲ್ಲಗೆ ಸರಿಯುತ್ತ ಹೋಗುವುದು) ಬಗ್ಗೆ ನೀವು ಕಳಿಸಿದ ಲೇಖನವನ್ನು ಈಗಿರುವಂತೆ ಪ್ರಕಟಿಸಲಾಗದು. ಭಾಷೆ ಸೊಗಸಾಗಿದೆ, ಎಡವಟ್ಟು ಇರುವುದು ಚಿತ್ರದಲ್ಲಿ. ಅಮೆರಿಕದ ಶೋಧಕ ಲೈಗೋದ ಸ್ಟ್ರೇನ್ ದತ್ತಾಂಶವನ್ನು (ಶೋಧಕದ ತೋಳುಗಳ ಉದ್ದ ಎಷ್ಟು ಪಾಲು ಬದಲಾಯಿತು ಎಂಬ ಅಳತೆ) ಹಾಗೇ ಗ್ರಾಫಿಗೆ ಇಳಿಸಿ, ಅದರ ಏರಿಳಿತವೇ ಭೂಮಿಯ ಉಬ್ಬರವಿಳಿತ ಎಂದಿದ್ದೀರಿ. ಸುಮಾರು 10 ಹರ್ಟ್ಜ್‌ಗಿಂತ ಕೆಳಗೆ ಆ ದತ್ತಾಂಶ ಕ್ಯಾಲಿಬ್ರೇಟ್ ಆಗಿರುವುದೇ, ಅಂದರೆ ನಿಜವಾದ ಅಳತೆಗೆ ಹೊಂದಿಸಿರುವುದೇ, ಇಲ್ಲ. ಚಂದ್ರ, ಸೂರ್ಯರ ಸೆಳೆತಕ್ಕೆ ಲೇಸರ್ ಓಡಾಡುವ 4 ಕಿ.ಮೀ. ತೋಳು ನೂರಾರು ಮೈಕ್ರೋಮೀಟರ್ ಹಿಗ್ಗಿ ಕುಗ್ಗುವುದು ನಿಜ. ಆದರೆ ನಿಯಂತ್ರಣ ವ್ಯವಸ್ಥೆ ಅದನ್ನು ಆಗಿಂದಾಗಲೇ ಸರಿದೂಗಿಸುತ್ತದೆ. ಉಬ್ಬರ ಸಿಗುವುದು ಆ ನಿಯಂತ್ರಣ ಸಂಕೇತದಲ್ಲಿ.

ಹಾಗಾದರೆ ನಿಮ್ಮ ಗ್ರಾಫಿನ 100 ಸೆಕೆಂಡಿನ ಅಲೆ ಎಲ್ಲಿಂದ ಬಂತು? ಸೆಕೆಂಡಿಗೆ 16384 ಅಂಕಿಗಳಲ್ಲಿ ಒಂದನ್ನು ಮಾತ್ರ ಹೆಕ್ಕಿದ್ದೀರಿ, ಮೊದಲು ಸೋಸಿಲ್ಲ. ಹಾಗೆ ಹೆಕ್ಕಿದರೆ 60.01 ಹರ್ಟ್ಜ್‌ನ ವಿದ್ಯುತ್ ಗುಂಯ್‌ಗುಡುವಿಕೆ 0.01 ಹರ್ಟ್ಜ್‌ನ ವೇಷ ಹಾಕಿಕೊಂಡು ಬರುತ್ತದೆ. ನೀವು ಕಂಡದ್ದು ಬಹುಶಃ ಇಂಥದ್ದೇ.

ಸ್ಟ್ರೇನ್‌ನಲ್ಲಿ ಜಾರಿಕೆ ಕಾಣುವುದು ಗದ್ದಲದ ಮಟ್ಟದಲ್ಲಿ. 20–50, 70–110 ಹರ್ಟ್ಜ್ ಹೀಗೆ ಆವರ್ತನದ ಪಟ್ಟಿಗಳಾಗಿ ಸೋಸಿ, ವಿದ್ಯುತ್ ಗದ್ದಲವಿರುವ 60ರ ಸುತ್ತ ಬಿಟ್ಟುಬಿಡಿ. ಪ್ರತಿ ನಿಮಿಷವನ್ನು 4 ಸೆಕೆಂಡಿನ 15 ತುಂಡು ಮಾಡಿ, ಒಂದೊಂದರ ಶಕ್ತಿ ಲೆಕ್ಕಹಾಕಿ, ಮೀಡಿಯನ್ (ಏರಿಕೆ ಕ್ರಮದಲ್ಲಿಟ್ಟಾಗ ನಡುವಿನ ಬೆಲೆ) ತೆಗೆದುಕೊಳ್ಳಿ. ಸರಾಸರಿ ಬೇಡ, ಅರೆಕ್ಷಣದ ಒಂದು ಗ್ಲಿಚ್ (ಉಪಕರಣದ ದಿಢೀರ್ ಗದ್ದಲ) ಇಡೀ ನಿಮಿಷವನ್ನು ಎತ್ತಿಬಿಡುತ್ತದೆ.

ಇಷ್ಟಾದರೂ ಅರ್ಧ ಕೆಲಸ ಬಾಕಿ. ಸರಿದದ್ದು ಗದ್ದಲವೋ, ಅಳತೆಗೋಲೋ (ಕ್ಯಾಲಿಬ್ರೇಶನ್)? ಇದಕ್ಕೆಂದೇ ಪ್ರತ್ಯೇಕ ಲೇಸರ್ ಒಂದು ಕನ್ನಡಿಯನ್ನು ಗೊತ್ತಿರುವ ಆವರ್ತನದಲ್ಲಿ, ಗೊತ್ತಿರುವ ಬಲದಿಂದ ತಳ್ಳುತ್ತಿರುತ್ತದೆ. ಆ ಆವರ್ತನದ ಸೈನ್, ಕೊಸೈನ್‌ಗಳಿಂದ ದತ್ತಾಂಶವನ್ನು ಗುಣಿಸಿ ನಿಮಿಷದ ಸರಾಸರಿ ತೆಗೆದರೆ ಆ ತಳ್ಳಾಟ ದತ್ತಾಂಶದಲ್ಲಿ ಮೂಡಿಸುವ ರೇಖೆಯ ಎತ್ತರವೂ ಹಂತವೂ (ಫೇಸ್) ಸಿಗುತ್ತವೆ (ಇಲ್ಲಿ ಸರಾಸರಿಯೇ ಸರಿ). ತಳ್ಳುವ ಲೇಸರಿನ ಅಳೆದ ಶಕ್ತಿಯಿಂದ ಭಾಗಿಸಲು ಮರೆಯಬೇಡಿ. ಆಮೇಲೂ ಎತ್ತರ ಬದಲಾಗಿದ್ದರೆ ಅಳತೆಗೋಲೇ ಸರಿದಿದೆ, ಅದು ಶೇ. 3 ಕಡಿಮೆ ತೋರಿಸಿದರೆ ಅಲೆಯ ಮೂಲ ಶೇ. 3 ದೂರವಿದ್ದಂತೆ ಕಾಣುತ್ತದೆ. ರೇಖೆ ಅಲ್ಲೇ ಇದ್ದು ಪಟ್ಟಿಯ ಮಟ್ಟ ಮಾತ್ರ ಏರಿದ್ದರೆ ಗದ್ದಲ ನಿಜವಾಗಿಯೂ ಹೆಚ್ಚಿದೆ. ಒಂದು ಎಚ್ಚರ: ಸಾರ್ವಜನಿಕ ಕಡತಗಳಲ್ಲಿ ಕೆಲವೊಮ್ಮೆ ಈ ರೇಖೆಗಳನ್ನು ಮೊದಲೇ ಕಳೆದಿರುತ್ತಾರೆ.

ಲೇಖನದಲ್ಲಿ ‘ಪ್ರೋಟಾನಿಗಿಂತ ಚಿಕ್ಕದು’ ಎಂಬ ಹೋಲಿಕೆ ಮೂರು ಸಲ ಬಂದಿದೆ, ಒಂದು ಸಾಕು. ದತ್ತಾಂಶದಲ್ಲಿ ಬಳಸುವ ಜಿಪಿಎಸ್ ಸಮಯ ಯುಟಿಸಿಗಿಂತ (ಜಾಗತಿಕ ಪ್ರಮಾಣ ಸಮಯ) 2017ರಿಂದ 18 ಸೆಕೆಂಡು ಮುಂದಿದೆ. ನಿಮ್ಮ ಕೋಷ್ಟಕದಲ್ಲಿ ಎರಡೂ ಒಂದೇ ಆಗಿವೆ.

ಹೊಸ ಗ್ರಾಫಿನಲ್ಲಿ ಲಾಕ್ (ಕನ್ನಡಿಗಳನ್ನು ಅಳತೆಗೆ ತಕ್ಕ ಸ್ಥಾನದಲ್ಲಿ ಹಿಡಿದಿಟ್ಟ ಸ್ಥಿತಿ) ತಪ್ಪಿದ ಜಾಗವನ್ನು ಖಾಲಿ ಬಿಡಿ, ಗೆರೆ ಎಳೆದು ಕೂಡಿಸಬೇಡಿ. ಮತ್ತೆ ಲಾಕ್ ಆದ ಮೇಲಿನ ಮೊದಲ ಗಂಟೆಯನ್ನು ಬಿಡಿಸಿ ತೋರಿಸಿ. ಲೇಸರಿನ ಶಾಖಕ್ಕೆ ಕನ್ನಡಿಗಳು ಆಗಿನ್ನೂ ಹೊಂದಿಕೊಳ್ಳುತ್ತಿರುತ್ತವೆ. ನೀವು ಹುಡುಕುತ್ತಿರುವ ಜಾರಿಕೆ ಕಣ್ಣಿಗೆ ಬೀಳುವ ಸಂಭವ ಅಲ್ಲೇ ಹೆಚ್ಚು.

— ಸಂಪಾದಕ